ಅಂಜೂರದ ಬೋನ್ಸಾಯ್: ತಂತಿಗಿಂತ ಕತ್ತರಿ ಮೇಲು

ಇವತ್ತು ಬೆಳಿಗ್ಗೆ ನನ್ನ ಅಂಜೂರದ ಗಿಡವನ್ನು ಟೇಪು ಹಿಡಿದು ಅಳೆದೆ. ಮಣ್ಣಿನಿಂದ ತುದಿಯವರೆಗೆ 46 ಸೆಂ.ಮೀ., ಬುಡದ ದಪ್ಪ 6.5 ಸೆಂ.ಮೀ. ಎಲೆ 31, ಕಾಯಿ 3. ಆರು ವರ್ಷದ ಹಿಂದೆ ಇದು ಎಲೆ ಇಲ್ಲದ ಒಂದು ಬೋಳು ಕಡ್ಡಿ. ಈ ಆರು ವರ್ಷದಲ್ಲಿ ಏನೇನು ಮಾಡಿದೆ, ಎಲ್ಲಿ ಕೆಟ್ಟಿತು, ಕೆಟ್ಟದ್ದನ್ನು ಹೇಗೆ ಸರಿ ಮಾಡಿದೆ ಅನ್ನೋದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಬೋನ್ಸಾಯ್ ಮಾಡುವವರು ‘ಫೈಕಸ್’ ಅಂದರೆ ಸಾಮಾನ್ಯವಾಗಿ ಸದಾ ಹಸಿರಾಗಿರುವ, ಸಣ್ಣ ಎಲೆಯ ಗಿಡಗಳು ಅಂತ ಅರ್ಥ. ಫೈಕಸ್ ಮೈಕ್ರೋಕಾರ್ಪ, ಫೈಕಸ್ ರೆಟ್ಯೂಸ, ಬೆಂಜಮಿನ ಇಂಥವು. ಇಟಲಿಯ ಮಿಲಾನ್ ಹತ್ತಿರ ಪರಾಬಿಯಾಗೊದಲ್ಲಿ ಕ್ರೆಸ್ಪಿ ಬೋನ್ಸಾಯ್ ಮ್ಯೂಸಿಯಂ ಇದೆ. ಅಲ್ಲಿರುವ, ಸಾವಿರ ವರ್ಷ ದಾಟಿದೆ ಎನ್ನುವ ಹೆಸರಾಂತ ಮರ ಕೂಡ ಫೈಕಸ್ ರೆಟ್ಯೂಸವೇ. ನಾನು ಬೆಳೆಸಿರುವುದು ಅದಲ್ಲ. ಇದು ತಿನ್ನುವ ಹಣ್ಣಿನ ಅಂಜೂರ, ಫೈಕಸ್ ಕ್ಯಾರಿಕ. ಫೈಕಸ್ ಅನ್ನುವುದು ಆಲ, ಅರಳಿ, ಅತ್ತಿ ಎಲ್ಲ ಸೇರಿ 800ಕ್ಕೂ ಹೆಚ್ಚು ಬಗೆ ಇರುವ ದೊಡ್ಡ ಕುಲ. ಹೆಸರು ಒಂದೇ ಆದರೂ ಅಂಜೂರದ ಸ್ವಭಾವ ಬೇರೆ. ಚಳಿ ಬಂದರೆ ಎಲೆ ಉದುರಿಸುತ್ತದೆ. ಆಲದ ಹಾಗೆ ಬಿಳಲು ಬಿಟ್ಟು ಬುಡ ತುಂಬಿಸಿಕೊಳ್ಳುವುದಿಲ್ಲ. ಎಲೆ ಅಂಗೈಗಿಂತ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ರೆಂಬೆಯ ಒಳಗೆ ಬೆಂಡಿನಂಥ ಮೆದು ತಿರುಳು ಇದೆ. ನನ್ನ ಗಿಡಕ್ಕೆ ಬಂದ ಎರಡು ದೊಡ್ಡ ತೊಂದರೆಗೂ ಆ ತಿರುಳೇ ಕಾರಣ.

ಕಡ್ಡಿ

ಗೆಳೆಯರೊಬ್ಬರ ತೋಟದ ಅಂಜೂರ ಎಲೆ ಪೂರ್ತಿ ಉದುರಿಸಿ ನಿಂತಿತ್ತು. ಆಗ ಮೂರು ಕಡ್ಡಿ ತಂದೆ. ಪೆನ್ಸಿಲ್‌ಗಿಂತ ತುಸು ದಪ್ಪ, 20 ಸೆಂ.ಮೀ. ಉದ್ದ, ಒಂದೊಂದರಲ್ಲಿ ನಾಲ್ಕೈದು ಗೆಣ್ಣು. ತರುವ ಮುಂಚೆ ತಾಯಿ ಮರವನ್ನು ಎಲೆ ಇದ್ದಾಗಲೇ ಒಂದು ಸಲ ನೋಡಿದ್ದೆ. ಅಂಜೂರಕ್ಕೆ ಮೊಸಾಯಿಕ್ ಎಂಬ ವೈರಸ್ ರೋಗವಿದೆ. ಎಲೆ ಮೇಲೆ ಹಳದಿ ಮಚ್ಚೆ ಹರಡಿದಂತೆ ಕಾಣುತ್ತದೆ, ಎಲೆ ಸೊಟ್ಟಗಾಗುತ್ತದೆ. ಕಡ್ಡಿಯ ಜೊತೆಗೇ ಅದೂ ಬರುತ್ತದೆ, ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಹತ್ತು ವರ್ಷ ಸಾಕುವ ಗಿಡಕ್ಕೆ ಬೋಳು ಕಡ್ಡಿ ನೋಡಿ ತಾಯಿ ಮರ ಆರಿಸುವುದು ಬೇಡ.

ಕೆಳಗಿನ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ನೇರವಾಗಿ, ಮೇಲಿನದನ್ನು ಓರೆಯಾಗಿ ಕತ್ತರಿಸಿದೆ. ಹಾಗೆ ಮಾಡಿದರೆ ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಅಂತ ಗೊಂದಲ ಇರುವುದಿಲ್ಲ. ಹಾಲು ಸೋರುವುದು ನಿಂತ ಮೇಲೆ ನೀರಲ್ಲಿ ತೊಳೆದು, ಪರ್ಲೈಟ್ (ಹಗುರವಾದ ಬಿಳಿ ಕಾಳು) ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿದ ಮಿಶ್ರಣದಲ್ಲಿ ಎರಡು ಗೆಣ್ಣು ಮುಳುಗುವಷ್ಟು ನೆಟ್ಟೆ. ಕುಂಡದ ಬದಲು ಪಾರದರ್ಶಕ ಪ್ಲಾಸ್ಟಿಕ್ ಲೋಟ, ಅದರ ಹೊರಗೆ ಬೆಳಕು ಬೀಳದ ಇನ್ನೊಂದು ಲೋಟ. ಬೇರು ಬಂದಿದೆಯಾ ಅಂತ ಕಡ್ಡಿ ಅಲ್ಲಾಡಿಸಿ ನೋಡುವುದು ತಪ್ಪುತ್ತದೆ. ಹೊರಗಿನ ಲೋಟ ಜಾರಿಸಿದರೆ ಸಾಕು, ಕಾಣುತ್ತದೆ.

ಅಂಜೂರದ ಕಡ್ಡಿ ಇಲ್ಲೊಂದು ಮೋಸ ಮಾಡುತ್ತದೆ. ಬೇರು ಬರುವ ಮುಂಚೆಯೇ ಎಲೆ ಬಿಡುತ್ತದೆ. ಕಡ್ಡಿಯಲ್ಲಿ ಕೂಡಿಟ್ಟ ಸತ್ವದಿಂದಲೇ ಎರಡು ಎಲೆ ಅರಳುತ್ತವೆ, ನಾವು ಗಿಡ ಹಿಡಿಯಿತು ಅಂತ ಖುಷಿಯಾಗಿ ನೀರು ಜಾಸ್ತಿ ಹಾಕುತ್ತೇವೆ, ಕುಡಿಯುವುದಕ್ಕೆ ಬೇರೇ ಇಲ್ಲದ ಕಡ್ಡಿ ಅಡಿಯಿಂದ ಕಪ್ಪಾಗಿ ಕೊಳೆಯುತ್ತದೆ. ನನ್ನ ಮೂರರಲ್ಲಿ ಒಂದು ಹೀಗೇ ಹೋಯಿತು. ಉಳಿದ ಎರಡಕ್ಕೆ ನೀರು ಹಾಕದೆ, ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ, ಮಿಶ್ರಣ ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಮಾತ್ರ ತೇವ ಇಟ್ಟೆ. ಐದನೇ ವಾರಕ್ಕೆ ಲೋಟದ ಗೋಡೆಗೆ ಬಿಳಿ ಬೇರು ಅಂಟಿಕೊಂಡು ಕಂಡಿತು.

ಹೀಗೆ ಕಡ್ಡಿ ನೆಡುವಾಗ ನನಗೆ ಒಂದು ವಿಷಯ ನೆನಪಾಗುತ್ತದೆ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಜೋರ್ಡಾನ್ ಕಣಿವೆಯ ಗಿಲ್ಗಲ್ ಎಂಬಲ್ಲಿ ಸುಮಾರು 11,400 ವರ್ಷ ಹಿಂದಿನ ಕರಕಲಾದ ಅಂಜೂರಗಳು ಸಿಕ್ಕಿದ್ದವು. ಅವು ಬೀಜದಿಂದ ಮರಿ ಮಾಡಲಾಗದ ಬಗೆಯವು, ಹಾಗಾಗಿ ಆಗಿನ ಜನ ಕಡ್ಡಿ ನೆಟ್ಟೇ ಬೆಳೆಸಿರಬೇಕು ಎಂಬುದು ಆ ಸಂಶೋಧಕರ ವಾದ. ಒಪ್ಪದವರೂ ಇದ್ದಾರೆ. ಆದರೆ ಒಂದು ಅಂಜೂರದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ನೋಡಿದವರಿಗೆ ಆ ವಾದ ಕಷ್ಟ ಅನಿಸುವುದಿಲ್ಲ. ಅಷ್ಟು ಸುಲಭವಾಗಿ ಹಿಡಿಯುವ ಮರ ಕಡಿಮೆ.

ದಪ್ಪ ಮಾಡುವ ಎರಡು ವರ್ಷ

ಬೇರು ಬಂದ ತಕ್ಷಣ ಚೆಂದದ ಬೋನ್ಸಾಯ್ ಕುಂಡಕ್ಕೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಹಾಕಬೇಡಿ. ಸಣ್ಣ ಕುಂಡಕ್ಕೆ ಹಾಕಿದರೆ ಕಡ್ಡಿ ಬೋನ್ಸಾಯ್ ಆಗುವುದಿಲ್ಲ, ಕಡ್ಡಿಯಾಗಿಯೇ ನಿಲ್ಲುತ್ತದೆ. ಕಾಂಡ ದಪ್ಪವಾಗುವುದು ಎಲೆಯಿಂದ. ಎಲೆ ಜಾಸ್ತಿ ಇದ್ದಷ್ಟೂ ಮಾಡಿದ ಆಹಾರ ಕಾಂಡದಲ್ಲಿ ಕೆಳಗೆ ಇಳಿದು ತೊಗಟೆಯ ಅಡಿಯಲ್ಲಿ ಹೊಸ ಮರ ಕಟ್ಟುತ್ತದೆ. ಹಾಗಾಗಿ ಮೊದಲ ಎರಡು ವರ್ಷ ಗಿಡವನ್ನು ಕಾಡಿನ ಹಾಗೆ ಬಿಡಬೇಕು.

ಮರದ ಹಲಗೆಯಲ್ಲಿ 40 ಸೆಂ.ಮೀ. ಉದ್ದ, 40 ಅಗಲ, 15 ಆಳದ ಪೆಟ್ಟಿಗೆ ಮಾಡಿದೆ. ತಳಕ್ಕೆ ಹಲಗೆ ಬದಲು ಜಾಲರಿ. ಮಧ್ಯದಲ್ಲಿ ಮಣ್ಣಿನ ಅಡಿ ಒಂದು ಚಪ್ಪಟೆ ಟೈಲ್ ಇಟ್ಟು, ಕೆಳಗೆ ಇಳಿಯುವ ಬೇರನ್ನೆಲ್ಲ ಕತ್ತರಿಸಿ, ಉಳಿದವನ್ನು ಟೈಲ್ ಮೇಲೆ ಸೂರ್ಯನ ಕಿರಣದ ಹಾಗೆ ಸುತ್ತಲೂ ಹರಡಿ ಕೂರಿಸಿದೆ. ಆ ಅರ್ಧ ಗಂಟೆಯ ಕೆಲಸದ ಫಲ ಈಗ ಕಾಣುತ್ತಿದೆ. ಬುಡ ಮಣ್ಣು ಹಿಡಿದುಕೊಂಡ ಕೈಬೆರಳುಗಳ ಹಾಗೆ ಅಗಲವಾಗಿ ಕೂತಿದೆ. ಇದನ್ನು ಆಮೇಲೆ ಮಾಡೋಣ ಅಂದರೆ ಆಗುವುದಿಲ್ಲ, ಬೇರು ದಪ್ಪವಾದ ಮೇಲೆ ಮಾತು ಕೇಳುವುದಿಲ್ಲ.

ಆಮೇಲೆ ಪೂರ್ತಿ ಬಿಸಿಲು, ಧಾರಾಳ ನೀರು, ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಗೊಬ್ಬರ. ಎರಡನೇ ವರ್ಷದ ಕೊನೆಗೆ ಗಿಡ ನನ್ನ ಎತ್ತರಕ್ಕೆ ಬಂದಿತ್ತು. ಬುಡ 4 ಸೆಂ.ಮೀ. ನೋಡುವುದಕ್ಕೆ ಕೋಲಿಗೆ ಕೊಡೆ ಕಟ್ಟಿದ ಹಾಗೆ, ಬೋನ್ಸಾಯ್ ಅನ್ನುವ ಲಕ್ಷಣ ಒಂದೂ ಇರಲಿಲ್ಲ. ಇರಬಾರದು ಕೂಡ.

ಕಡಿತ, ಆಮೇಲೆ ಕೊಳೆತ

ಮೂರನೇ ವರ್ಷ, ಎಲೆ ಉದುರಿ ಮೊಗ್ಗು ಉಬ್ಬುವ ಮುಂಚೆ, ಕಾಂಡವನ್ನು ಮಣ್ಣಿನಿಂದ 14 ಸೆಂ.ಮೀ. ಮೇಲೆ ಗರಗಸದಲ್ಲಿ ಕೊಯ್ದೆ. ಚಳಿ ಕಡಿಮೆ ಇರುವ ಕಡೆ ಗಿಡ ಎಲೆ ಪೂರ್ತಿ ಉದುರಿಸದೇ ಇರಬಹುದು. ಆಗ ಹೊಸ ಚಿಗುರು ನಿಂತು, ಎಲೆ ಹಳದಿಗೆ ತಿರುಗುವ ಹೊತ್ತು ನೋಡಿಕೊಳ್ಳಬೇಕು. ಗಿಡ ಚುರುಕಾಗಿರುವಾಗ ಕೊಯ್ದರೆ ಹಾಲು ನಿಲ್ಲುವುದೇ ಇಲ್ಲ.

ಹಾಲಿನ ಬಗ್ಗೆ ಎಚ್ಚರ. ಅದರಲ್ಲಿ ಫಿಸಿನ್ ಎಂಬ, ಪ್ರೋಟೀನನ್ನೇ ಒಡೆಯುವ ಕಿಣ್ವವಿದೆ. ಅದರ ಜೊತೆಗೆ ಸೊರಾಲೆನ್ ಎಂಬ ವಸ್ತುವೂ ಇದೆ. ಅದು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗುತ್ತದೆ. ಕೊಯ್ದ ದಿನ ನಾನು ಗ್ಲೌಸ್ ಹಾಕಿದ್ದೆ, ಆದರೆ ಮಣಿಕಟ್ಟಿನ ಮೇಲೆ ಎರಡು ಕಡೆ ಹಾಲು ಜಾರಿದ್ದು ಗಮನಿಸಲಿಲ್ಲ, ಹಾಗೇ ಬಿಸಿಲಲ್ಲಿ ಕೆಲಸ ಮಾಡಿದೆ. ಮಾರನೇ ದಿನ ಕೆಂಪು ಗೆರೆ, ಮೂರನೇ ದಿನ ಬೊಬ್ಬೆ. ಕಪ್ಪು ಕಲೆ ಹೋಗುವುದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಉದ್ದ ತೋಳಿನ ಅಂಗಿ ಹಾಕಿ, ಹಾಲು ಬಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಕಣ್ಣಿನ ಹತ್ತಿರ ಕೈ ಒಯ್ಯಬೇಡಿ.

ಕೊಯ್ದ ಜಾಗ ಹತ್ತಿರದಿಂದ ನೋಡಿದೆ. ಹೊರಗೆ ತೆಳ್ಳಗೆ ಬೂದು ತೊಗಟೆ, ಅದರ ಒಳಗೆ ಹಸಿರು ಗೆರೆ, ಆಮೇಲೆ ಕೆನೆ ಬಣ್ಣದ ಮರ, ನಟ್ಟ ನಡುವೆ ಸುಮಾರು 7 ಮಿ.ಮೀ. ಅಗಲದ ತಿರುಳು. ಉಗುರಿನಿಂದ ಒತ್ತಿದರೆ ಥರ್ಮೋಕೋಲ್ ಹಾಗೆ ತಗ್ಗಾಗುತ್ತಿತ್ತು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಬೇರೆ ಗಿಡಕ್ಕೆ ಮಾಡುವ ಹಾಗೆ ಮೇಲಿನ ಮೊಗ್ಗಿಗೆ ತಾಗಿಸಿ ಸಮತಟ್ಟಾಗಿ ಕೊಯ್ದು, ಅಂಚಿಗೆ ಮಾತ್ರ ಗಾಯದ ಪೇಸ್ಟ್ ಸವರಿ ಬಿಟ್ಟೆ. ನಡುವಿನ ತಿರುಳು ತೆರೆದೇ ಇತ್ತು.

ಆರು ವಾರ ಕಳೆದರೂ ಮೇಲಿನ ಮೊಗ್ಗು ಒಡೆಯಲಿಲ್ಲ. ಕೆಳಗಿನವು ಮೂರು ಒಡೆದಿದ್ದವು. ಮೇಲಿನದನ್ನು ಉಗುರಿನಿಂದ ಕೆರೆದರೆ ಹಸಿರಿಲ್ಲ, ಕಂದು. ಒಂದು ಕಡ್ಡಿಯನ್ನು ತಿರುಳಿಗೆ ಚುಚ್ಚಿದೆ. ಅದು ಸಲೀಸಾಗಿ 3 ಸೆಂ.ಮೀ. ಒಳಗೆ ಇಳಿಯಿತು, ತುದಿಗೆ ಕಪ್ಪು ಲೋಳೆ ಅಂಟಿಕೊಂಡು ಬಂತು. ಮೇಲಿಂದ ಬಿದ್ದ ನೀರು ಹೀರಿಕೊಂಡು ತಿರುಳು ಬಾವಿಯ ಹಾಗೆ ನೀರು ಹಿಡಿದಿಟ್ಟಿತ್ತು. ನಿಜ ಹೇಳಬೇಕೆಂದರೆ ಅವತ್ತು ಹೊಟ್ಟೆ ಕಿವುಚಿದ ಹಾಗಾಯಿತು. ಎರಡು ವರ್ಷದ ಕಾಂಡ ಒಳಗಿಂದ ಕೆಳಗೆ ಕೊಳೆಯುತ್ತಾ ಹೋಗುತ್ತಿತ್ತು.

ಸರಿ ಮಾಡಿದ್ದು ಹೀಗೆ. ಒಣಗಿದ ದಿನ ನೋಡಿಕೊಂಡು, ಒಡೆದಿದ್ದ ಚಿಗುರುಗಳಲ್ಲಿ ಗಟ್ಟಿಯಾದ ಒಂದನ್ನು ಆರಿಸಿಕೊಂಡೆ. ಅದರ ಎದುರು ಬದಿಗೆ ಇಳಿಜಾರು ಬರುವ ಹಾಗೆ ಕಾಂಡವನ್ನು ಮತ್ತೆ ಓರೆಯಾಗಿ ಕೊಯ್ದೆ. ಓರೆ ಇದ್ದರೆ ನೀರು ನಿಲ್ಲುವುದಿಲ್ಲ, ಮೇಲಾಗಿ ದಪ್ಪ ಕಾಂಡದಿಂದ ತೆಳ್ಳಗಿನ ತುದಿಗೆ ಇಳಿಯುವ ನೋಟವೂ ಸಹಜವಾಗಿ ಬರುತ್ತದೆ. ಕೊಳೆತ ತಿರುಳನ್ನು ಸಣ್ಣ ಉಳಿ ಹಾಕಿ, ಗಟ್ಟಿ ಬಿಳಿ ಮರ ಸಿಗುವ ತನಕ ಕೆರೆದು ತೆಗೆದೆ. ಎರಡು ದಿನ ನೀರು ತಾಗದಂತೆ ಒಣಗಲು ಬಿಟ್ಟು, ರಂಧ್ರಕ್ಕೆ ಜೇಡಿಮಣ್ಣಿನ ಹಾಗೆ ಕಲಸಲು ಬರುವ ಗಾಯದ ಪುಟ್ಟಿ ತುಂಬಿ, ಮೇಲಿಂದ ಇಡೀ ಗಾಯಕ್ಕೆ ಪೇಸ್ಟ್ ಹಚ್ಚಿದೆ. ಅಂಚನ್ನು ಚೂಪಾದ ಚಾಕುವಿನಿಂದ ನುಣ್ಣಗೆ ಮಾಡಿದ್ದರಿಂದ ಹೊಸ ತೊಗಟೆ ಉರುಟಾಗಿ ಸುತ್ತಿಕೊಳ್ಳಲು ಶುರುವಾಯಿತು. ಈಗ ಗಾಯದ ಮುಕ್ಕಾಲು ಪಾಲು ಮುಚ್ಚಿದೆ. ಪೂರ್ತಿ ಮುಚ್ಚಲು ಇನ್ನೂ ಎರಡು ವರ್ಷ ಬೇಕು, ಅಂಜೂರದ ಗಾಯ ನಿಧಾನ.

ಆಮೇಲಿಂದ ದಪ್ಪ ರೆಂಬೆ ಯಾವುದನ್ನೇ ಕೊಯ್ದರೂ ಮೊಗ್ಗಿನ ಮೇಲೆ ಎರಡು ಬೆರಳು ಮೋಟು ಬಿಡುತ್ತೇನೆ, ತಿರುಳನ್ನೂ ಸೇರಿಸಿ ಮುಚ್ಚುತ್ತೇನೆ. ಮೋಟು ತಾನಾಗಿ ಒಣಗುತ್ತದೆ, ಒಣಗುವುದು ಮೊಗ್ಗಿನ ಹತ್ತಿರ ಬಂದು ನಿಲ್ಲುತ್ತದೆ. ಮುಂದಿನ ವರ್ಷ ಆ ಒಣಗಿದ ಮೋಟನ್ನು ನೀಟಾಗಿ ತೆಗೆದರಾಯಿತು. ಇದೊಂದು ಅಭ್ಯಾಸ ಮಾಡಿಕೊಂಡರೆ ಅಂಜೂರದಲ್ಲಿ ಅರ್ಧ ಕಷ್ಟ ಕಡಿಮೆ. ಇನ್ನೊಂದು ಮಾತು: ಜುನಿಪರ್ ಎಂಬ ಸೂಜಿ ಎಲೆಯ ಮರದಲ್ಲಿ ಮಾಡುವ ಹಾಗೆ ಸತ್ತ ಕೊಂಬೆಯನ್ನು ಬಿಳಿ ಮಾಡಿ ಅಂದಕ್ಕೆ ಉಳಿಸಿಕೊಳ್ಳುವುದು ಇದರಲ್ಲಿ ಆಗುವುದಿಲ್ಲ. ಮರ ಮೆದು, ಕೊಳೆತು ಹೋಗುತ್ತದೆ.

ತಂತಿ

ನಾಲ್ಕನೇ ವರ್ಷ ಕೊಂಬೆಗಳ ರೂಪ. ಎಲ್ಲರ ಹಾಗೆ ನಾನೂ ಅಲ್ಯೂಮಿನಿಯಂ ತಂತಿ ತಗೊಂಡು ಕೂತೆ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದ ತಂತಿ, 45 ಡಿಗ್ರಿ ಓರೆಯಲ್ಲಿ ಸುತ್ತು, ಎಲ್ಲ ನಿಯಮದ ಪ್ರಕಾರವೇ. ಎಡಗಡೆಯ ಮೊದಲ ಕೊಂಬೆ ಹಿಂದಿನ ವರ್ಷದ್ದು, ಹೆಬ್ಬೆರಳಿಗಿಂತ ಸ್ವಲ್ಪ ತೆಳ್ಳಗೆ. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕೆಳಗೆ ಬಗ್ಗಿಸಿದೆ. ಬಗ್ಗಿತು, ಬಗ್ಗಿತು, ಆಮೇಲೆ ‘ಚಟ್’. ಕೊಂಬೆಯ ಮೇಲ್ಭಾಗ 4 ಸೆಂ.ಮೀ. ಉದ್ದಕ್ಕೆ ಸೀಳಿ ಹಾಲು ಬಂತು.

ಬಿದಿರಿನ ಕೊಳವೆಯನ್ನು ಬಗ್ಗಿಸಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಡುವೆ ಆಧಾರ ಇಲ್ಲ, ಇರುವ ಮರವೂ ಪೆಡಸು. ಹಾಗಂತ ಹೊಸ ಹಸಿರು ಚಿಗುರಿಗೆ ತಂತಿ ಸುತ್ತಿದರೆ ಸೌತೆಕಾಯಿಗೆ ಸುತ್ತಿದ ಹಾಗೆ, ನೀರು ತುಂಬಿದ ಚಿಗುರು ಜಜ್ಜಿಹೋಗುತ್ತದೆ. ನಡುವೆ ಒಂದು ಸಣ್ಣ ಅವಧಿ ಇದೆ. ಚಿಗುರಿನ ಬುಡದ ಹಸಿರು ಕಂದು ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ, ಬೆರಳಲ್ಲಿ ಒತ್ತಿದರೆ ತಗ್ಗಾಗುವುದಿಲ್ಲ, ಆದರೆ ತುದಿ ಹಿಡಿದು ತೂಗಿದರೆ ಇಡೀ ಚಿಗುರು ಬಳುಕುತ್ತದೆ. ನನ್ನ ಗಿಡದಲ್ಲಿ ಅದು ಚಿಗುರು ಒಡೆದ ಆರೇಳು ವಾರಕ್ಕೆ ಬಂತು. ಬಗ್ಗಿಸುವುದಿದ್ದರೆ ಆಗಲೇ. ತಂತಿ ಸುತ್ತುವ ಬದಲು ತುದಿಗೆ ರಬ್ಬರ್ ಕೊಳವೆ ತೊಡಿಸಿ, ಅದಕ್ಕೆ ದಾರ ಕಟ್ಟಿ, ದಾರವನ್ನು ಪೆಟ್ಟಿಗೆಯ ಅಂಚಿಗೆ ಎಳೆದು ಕಟ್ಟಿದೆ. ದಿನಾ ಸ್ವಲ್ಪ ಸ್ವಲ್ಪ ಬಿಗಿ ಮಾಡಿದರೆ ಸಾಕು. ತಂತಿಯನ್ನೇ ಸುತ್ತಿದ್ದರೆ ವಾರಕ್ಕೊಮ್ಮೆ ನೋಡಿ. ಅಂಜೂರ ಎಷ್ಟು ಬೇಗ ದಪ್ಪವಾಗುತ್ತದೆ ಅಂದರೆ ಮೂರ್ನಾಲ್ಕು ವಾರದಲ್ಲೇ ತಂತಿ ತೊಗಟೆಯೊಳಗೆ ಕೂರುತ್ತದೆ, ಆ ಗುರುತು ಬೇಗ ಹೋಗುವುದಿಲ್ಲ.

ಸೀಳಿದ ಕೊಂಬೆಯನ್ನು ಕತ್ತರಿಸಿ ಬಿಸಾಡಲು ಮನಸ್ಸು ಬರಲಿಲ್ಲ. ತಂತಿ ಬಿಚ್ಚಿ ಕೊಂಬೆಯನ್ನು ಮೊದಲಿನ ಜಾಗಕ್ಕೆ ತಂದೆ, ಸೀಳಿನ ಎರಡೂ ತುಟಿ ಕೂಡಿಸಿ, ಹಾಲು ಒರೆಸಿ, ಕಸಿ ಟೇಪನ್ನು ಬಿಗಿಯಾಗಿ ಸುತ್ತಿ, ಅಡಿಯಿಂದ ಒಂದು ಗೂಟದ ಆಧಾರ ಕೊಟ್ಟೆ. ಒಂದು ಬೆಳೆಯುವ ಕಾಲ ಪೂರ್ತಿ ಮುಟ್ಟಲಿಲ್ಲ. ಕೂಡಿಕೊಂಡಿದೆ. ಆ ಜಾಗದಲ್ಲಿ ಈಗ ಉದ್ದಕ್ಕೆ ಒಂದು ಉಬ್ಬು ಗೆರೆ ಇದೆ, ಹಳೆಯ ಮರದ ಕೊಂಬೆಯ ಹಾಗೇ ಕಾಣುತ್ತದೆ.

ಅಲ್ಲಿಂದ ಮುಂದೆ ನನ್ನ ಮುಖ್ಯ ಸಾಧನ ಕತ್ತರಿಯೇ. ದಕ್ಷಿಣ ಚೀನಾದ ಲಿಂಗ್ನಾನ್ ಶೈಲಿಯವರು ಬಹಳ ಹಿಂದಿನಿಂದ ಮಾಡುವ ಕೆಲಸ ಇದು: ಬೆಳೆಯಲು ಬಿಡು, ಕತ್ತರಿಸು, ಮತ್ತೆ ಬೆಳೆಯಲು ಬಿಡು. ಬಗ್ಗಿಸುವುದಿಲ್ಲ. ತಿರುವು ಎಲ್ಲಿ ಬೇಕೋ ಅಲ್ಲಿ ಆ ದಿಕ್ಕಿಗೆ ಮುಖ ಮಾಡಿದ ಮೊಗ್ಗಿನ ಮೇಲೆ ಕತ್ತರಿಸುತ್ತೇವೆ. ಅಂಜೂರ ಇದಕ್ಕೆ ಹೇಳಿ ಮಾಡಿಸಿದ ಮರ. ಹಳೆಯ ಮರದಿಂದಲೂ ಧಾರಾಳವಾಗಿ ಚಿಗುರುತ್ತದೆ, ಮೇಲಾಗಿ ಮೊಗ್ಗು ಎಲ್ಲಿದೆ ಅಂತ ಎಲೆ ಇಲ್ಲದಾಗಲೂ ಸ್ಪಷ್ಟವಾಗಿ ತೋರಿಸುತ್ತದೆ.

ಭೂತಗನ್ನಡಿ ಇದ್ದರೆ ಒಂದು ಗೆಣ್ಣನ್ನು ನೋಡಿ. ರೆಂಬೆಯ ಸುತ್ತ ಉಂಗುರ ತೊಡಿಸಿದ ಹಾಗೆ ಒಂದು ತೆಳು ಗೆರೆ ಇರುತ್ತದೆ, ಚಿಗುರನ್ನು ಮುಚ್ಚಿಕೊಂಡಿದ್ದ ಪೊರೆ ಉದುರಿದ ಗುರುತು ಅದು. ಅದರ ಹತ್ತಿರವೇ ಎಲೆ ಬಿದ್ದ ಜಾಗದ ಉರುಟು ಗಾಯ. ಅದಕ್ಕೆ ತಾಗಿಯೇ ಮೊಗ್ಗು. ಕೆಲವು ಕಡೆ ಎರಡು ಜೊತೆಯಾಗಿ ಇರುತ್ತವೆ: ಒಂದು ಚೂಪು, ಒಂದು ದುಂಡು. ಚೂಪಾದದ್ದು ರೆಂಬೆಯಾಗುತ್ತದೆ, ದುಂಡಗಿನದು ಕಾಯಿ. ಕತ್ತರಿಸುವ ಮುಂಚೆ ನಾನು ಚೂಪು ಮೊಗ್ಗು ಯಾವ ಕಡೆ ನೋಡುತ್ತಿದೆ ಅಂತ ಬೆರಳಿಟ್ಟು ನೋಡುತ್ತೇನೆ. ಹೊರಗಡೆ, ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರೆ ಅದರ ಮೇಲೆ ಮೋಟು ಬಿಟ್ಟು ಕತ್ತರಿ. ಒಳಗೆ ನೋಡುತ್ತಿದ್ದರೆ ಒಂದು ಗೆಣ್ಣು ಹಿಂದೆ ಹೋಗುತ್ತೇನೆ. ಹೀಗೆ ವರ್ಷಕ್ಕೆ ಎರಡು ಸಲ ಮಾಡಿದರೆ ಕೊಂಬೆ ತಂತಾನೇ ಅಂಕುಡೊಂಕಾಗುತ್ತದೆ, ಪ್ರತಿ ತಿರುವಿನಲ್ಲೂ ಒಂದಿಷ್ಟು ತೆಳ್ಳಗಾಗುತ್ತಾ ಹೋಗುತ್ತದೆ. ತಂತಿಯಿಂದ ಬಂದ ಬಾಗು ನಯವಾಗಿರುತ್ತದೆ, ಕತ್ತರಿಯಿಂದ ಬಂದ ತಿರುವು ಮುರಿದ ಹಾಗೆ, ವಯಸ್ಸಾದ ಹಾಗೆ ಇರುತ್ತದೆ. ಅಂಜೂರಕ್ಕೆ ಎರಡನೆಯದೇ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ.

ಎಲೆ ಸಣ್ಣದು ಮಾಡುವುದು

ಇದರಲ್ಲಿ ಯಾರೂ ಜಾಸ್ತಿ ಆಸೆ ಇಟ್ಟುಕೊಳ್ಳಬಾರದು. ಪೆಟ್ಟಿಗೆಯಲ್ಲಿದ್ದಾಗ ಎಲೆ 20 ಸೆಂ.ಮೀ. ದಾಟಿತ್ತು. ಈಗ 7ರಿಂದ 8. ಇನ್ನೂ ಒಂದು ಸೆಂ.ಮೀ. ಇಳಿಯಬಹುದೇನೋ, ಅದಕ್ಕಿಂತ ಕೆಳಗೆ ಇಳಿಯುತ್ತದೆ ಅಂತ ನಾನು ಕಾಯುತ್ತಿಲ್ಲ. ಅಂಗೈಯಲ್ಲಿ ಹಿಡಿಯುವ ಪುಟಾಣಿ ಬೋನ್ಸಾಯ್ ಬೇಕಾದರೆ ಈ ಮರ ಬೇಡ. 40 ಸೆಂ.ಮೀ. ಮೇಲಿದ್ದರೆ ಎಲೆಯೂ ಮರವೂ ಹೊಂದಿಕೊಂಡು ಕಾಣುತ್ತವೆ.

ಕೆಲಸ ಮಾಡಿದ್ದು ಮೂರು ವಿಷಯ. ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು. ಚಿಗುರು ಮೂರು ಎಲೆ ಬಿಟ್ಟ ತಕ್ಷಣ ಕುಡಿ ಚಿವುಟುವುದು. ಮೊದಲ ಎಲೆಗಳು ಬಲಿಯುವ ತನಕ ಗೊಬ್ಬರ ಕೊಡದೇ ಇರುವುದು. ಕೊನೆಯದು ಬಹಳ ಮುಖ್ಯ. ಚಿಗುರುವ ಹೊತ್ತಿಗೆ ಸಾರಜನಕ ಸಿಕ್ಕರೆ ಗೆಣ್ಣಿನ ನಡುವಿನ ಅಂತರ ಉದ್ದವಾಗುತ್ತದೆ, ಎಲೆ ಮೊರದಷ್ಟು ಅಗಲ ಆಗುತ್ತದೆ.

ಎಲೆ ಕೀಳುವ ಕ್ರಮವನ್ನೂ ಮಾಡಿದೆ. ಎಲೆ ಪೂರ್ತಿ ಬಲಿತ ಮೇಲೆ, ತೊಟ್ಟು ಅರ್ಧ ಬಿಟ್ಟು ಎಲೆ ಕತ್ತರಿಸಿದರೆ ಆ ಜಾಗದ ಮೊಗ್ಗು ಒಡೆದು ಸಣ್ಣ ಎಲೆ ಬರುತ್ತದೆ. ಬೇರೆ ಫೈಕಸ್‌ಗಳಲ್ಲಿ ಎಲ್ಲ ಎಲೆಯನ್ನೂ ಒಂದೇ ದಿನ ತೆಗೆಯುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ ತಡೆಯಲಾರದೆ, “ಎಷ್ಟು ಅಂತ ಕೀಳ್ತೀಯೋ, ನಾಲ್ಕು ಎಲೆ ಆದ್ರೂ ಬಿಡೋ ಅದಕ್ಕೆ” ಅಂದರು. “ಬೇಗ ಚಿಗುರುತ್ತೆ ಬಿಡಮ್ಮ” ಅಂದೆ, ಆದರೂ ಅವರ ಮಾತಿಗೆ ಕೈ ನಿಂತಿತು. ದೊಡ್ಡವನ್ನು ಮಾತ್ರ ತೆಗೆದು, ಒಳಗಿನ ಸಣ್ಣವನ್ನೂ ಕೆಳಗಿನ ಕೊಂಬೆಯ ಎಲೆಗಳನ್ನೂ ಉಳಿಸಿದೆ. ಅಮ್ಮ ಹೇಳಿದ್ದೇ ಸರಿ. ಎಲೆ ಉಳಿದ ಕೊಂಬೆಗಳು ಮೂರು ವಾರಕ್ಕೆ ಹೊಸದಾಗಿ ಚಿಗುರಿದವು, ಪೂರ್ತಿ ಬೋಳು ಮಾಡಿದ್ದ ಎರಡು ತೆಳು ರೆಂಬೆ ಒಣಗಿಯೇ ಹೋದವು. ಈಗ ಪ್ರತಿ ಎರಡು ವರ್ಷಕ್ಕೊಮ್ಮೆ, ಗಿಡ ಗಟ್ಟಿಮುಟ್ಟಾಗಿದ್ದರೆ ಮಾತ್ರ, ಅರ್ಧಕ್ಕಿಂತ ಕಡಿಮೆ ಎಲೆ ತೆಗೆಯುತ್ತೇನೆ. ಕುಂಡ ಬದಲಿಸಿದ ವರ್ಷ ಮುಟ್ಟುವುದಿಲ್ಲ.

ಕುಂಡಕ್ಕೆ

ಐದನೇ ವರ್ಷ ಬೋನ್ಸಾಯ್ ಕುಂಡ. 32 ಸೆಂ.ಮೀ. ಉದ್ದ, 24 ಅಗಲ, 9 ಆಳ. ಮೈಗೆ ಹೊಳಪಿಲ್ಲದ ಕಂದು ಬಣ್ಣ. ಇಷ್ಟು ಆಳ ಬೇಕು, ಯಾಕೆಂದರೆ ಅಗಲ ಎಲೆ ನೀರನ್ನು ಬಹಳ ಬೇಗ ಎಳೆಯುತ್ತದೆ.

ಮೊಗ್ಗು ಇನ್ನೂ ಬಿಗಿಯಾಗಿ ಮುಚ್ಚಿದ್ದಾಗ ಪೆಟ್ಟಿಗೆ ಬಿಚ್ಚಿದೆ. ಬೇರು ನಾಲ್ಕೂ ಗೋಡೆಗೆ ಚಾಪೆ ನೇಯ್ದ ಹಾಗೆ ಸುತ್ತಿಕೊಂಡಿತ್ತು. ಕೊಕ್ಕೆಯಿಂದ ಹೊರಗಿನಿಂದ ಒಳಕ್ಕೆ ಬಿಡಿಸುತ್ತಾ ಬಂದೆ. ಟೈಲ್‌ನ ಅಂಚು ದಾಟಿ ಕೆಳಗೆ ಇಳಿದಿದ್ದ ಬೆರಳು ದಪ್ಪದ ಮೂರು ಬೇರನ್ನು ಗರಗಸದಲ್ಲಿ ಕೊಯ್ದೆ. ಬೇರಿನಿಂದಲೂ ಹಾಲು ಬರುತ್ತದೆ, ಗ್ಲೌಸ್ ಇಲ್ಲೂ ಬೇಕು. ಒಟ್ಟು ಅರ್ಧದಷ್ಟು ಬೇರು ಹೋಯಿತು. ಅಂಜೂರ ಇದನ್ನು ತಡೆದುಕೊಳ್ಳುತ್ತದೆ. ಇದೇ ಹೊತ್ತಿಗೆ ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಗಂಟುಗಳಿವೆಯಾ ಅಂತ ನೋಡಬೇಕು. ಇದ್ದರೆ ಅದು ಬೇರುಗಂಟು ಮಾಡುವ ಜಂತುಹುಳು, ಅಂಜೂರಕ್ಕೆ ಅದರ ಕಾಟ ಜಾಸ್ತಿ. ಆ ಬೇರನ್ನೂ ಹಳೆ ಮಣ್ಣನ್ನೂ ಪೂರ್ತಿ ತೆಗೆದು ದೂರ ಹಾಕಬೇಕು. ನನ್ನದರಲ್ಲಿ ಇರಲಿಲ್ಲ.

ಮಣ್ಣು ಅಂದರೆ ಮಣ್ಣಲ್ಲ, ಕಾಳು. ಪ್ಯೂಮಿಸ್ ಎಂಬ ತೂತುತೂತಾದ ಹಗುರ ಕಲ್ಲು ಎರಡು ಪಾಲು, ಲಾವಾ ಕಲ್ಲಿನ ಚೂರು ಒಂದು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು. ಕಲ್ಲನ್ನೆಲ್ಲ ಜರಡಿ ಹಿಡಿದು 3ರಿಂದ 6 ಮಿ.ಮೀ. ಕಾಳು ಮಾತ್ರ ತಗೊಂಡೆ, ಧೂಳು ಒಂದಿಷ್ಟೂ ಬಿಡಲಿಲ್ಲ. ಧೂಳು ತಳಕ್ಕೆ ಇಳಿದು ಕೆಸರಾದರೆ ಬೇರಿಗೆ ಗಾಳಿ ಇಲ್ಲ. ಕುಂಡದ ತೂತಿಗೆ ಜಾಲರಿ, ಅಡಿಯಿಂದ ತಂತಿ ತಂದು ಬೇರಿನ ಗಡ್ಡೆಯನ್ನು ಬಿಗಿದು ಕಟ್ಟಿದೆ. ಕಾಂಡ ಹಿಡಿದು ಅಲ್ಲಾಡಿಸಿದರೆ ಕುಂಡವೇ ಎದ್ದು ಬರಬೇಕು, ಅಷ್ಟು ಬಿಗಿ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಸಣ್ಣ ಕಡ್ಡಿಯಿಂದ ಕಾಳನ್ನು ಬೇರಿನ ಸಂದಿಗೆ ತುಂಬಿಸಿ, ತಳದಿಂದ ತಿಳಿ ನೀರು ಬರುವ ತನಕ ನೀರು ಹಾಯಿಸಿದೆ. ಎರಡು ವಾರ ಗಾಳಿ, ಬಿಸಿಲು ಜೋರಿಲ್ಲದ ಕಡೆ.

ನೀರಿನ ಲೆಕ್ಕ ಪೆಟ್ಟಿಗೆಯಲ್ಲಿದ್ದಾಗ ಬೇರೆ, ಕುಂಡದಲ್ಲಿ ಬೇರೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಮಧ್ಯಾಹ್ನ ಎಲೆ ಜೋತು ಬಿದ್ದ ತಕ್ಷಣ ಓಡಿಹೋಗಿ ನೀರು ಹಾಕಬೇಡಿ. ಎರಡು ಬೆರಳು ಆಳಕ್ಕೆ ಕಡ್ಡಿ ಚುಚ್ಚಿ ನೋಡಿ. ತೇವ ಇದ್ದರೆ ಅದು ಬಿಸಿಲಿನ ಬಾಡು, ಸಂಜೆ ತಾನೇ ಎದ್ದು ನಿಲ್ಲುತ್ತದೆ. ಎಲೆ ಇಲ್ಲದ ಕಾಲದಲ್ಲಿ ನೀರು ತೀರಾ ಕಡಿಮೆ ಸಾಕು. ಹಿಮ ಬೀಳುವ ಕಡೆ ಇರುವವರು ಕುಂಡವನ್ನು ಒಳಗಿಡಬೇಕು. ನೆಲದಲ್ಲಿರುವ ಅಂಜೂರ ತಡೆಯುವ ಚಳಿಯನ್ನು ಕುಂಡದ ಬೇರು ತಡೆಯುವುದಿಲ್ಲ.

ಕಾಯಿ

ಕುಂಡಕ್ಕೆ ಬಂದ ಮಾರನೇ ವರ್ಷ, ಅಂದರೆ ಈ ವರ್ಷ, ಚಿವುಟಿದ ರೆಂಬೆಯ ಎಲೆ ಕಂಕುಳಲ್ಲಿ ಬಟಾಣಿಯಷ್ಟು ಹೀಚು ಕಂಡಿತು. ಒಟ್ಟು ಒಂಬತ್ತು. ಹೂವು ಯಾಕೆ ಕಾಣಲಿಲ್ಲ ಅಂತ ಕೇಳುವವರಿಗೆ: ಹೂವೆಲ್ಲ ಆ ಕಾಯಿಯ ಒಳಗೇ ಇರುತ್ತವೆ. ಕೆಲವು ಬಗೆಯ ಅಂಜೂರಕ್ಕೆ ಒಳಹೊಕ್ಕು ಪರಾಗ ಮುಟ್ಟಿಸಲು ಒಂದು ಪುಟ್ಟ ಕಣಜವೇ ಬೇಕು. ಸಾಮಾನ್ಯ ಅಂಜೂರಕ್ಕೆ ಬೇಡ, ತಾನಾಗಿಯೇ ಕಾಯಿ ಕಟ್ಟುತ್ತದೆ. ಕಡ್ಡಿ ತರುವಾಗ ಈ ಬಗೆಯದ್ದೇ ಎಂದು ಕೇಳಿಕೊಂಡು ತನ್ನಿ.

ಎಲೆ ಸಣ್ಣದಾದರೂ ಕಾಯಿ ಸಣ್ಣದಾಗುವುದಿಲ್ಲ. ದೊಡ್ಡ ಮರದ ಕಾಯಿಯಷ್ಟೇ ದಪ್ಪ ಬರುತ್ತದೆ. ಹಾಗಾಗಿ ಆರು ಹೀಚು ಕಿತ್ತು ಮೂರು ಬಿಟ್ಟೆ, ಅವು ಕೂಡ ಕಾಂಡಕ್ಕೆ ಹತ್ತಿರ ಇರುವವು. ತುದಿಯಲ್ಲಿದ್ದರೆ ರೆಂಬೆ ಭಾರಕ್ಕೆ ಜಗ್ಗುತ್ತದೆ. ಮಣ್ಣು ಒಂದು ದಿನ ಪೂರ್ತಿ ಒಣಗಿದರೂ ಹೀಚು ಉದುರುತ್ತದೆ, ಆದ್ದರಿಂದ ಈ ತಿಂಗಳು ಊರಿಗೆ ಹೋಗುವುದನ್ನೂ ಮುಂದಕ್ಕೆ ಹಾಕಿದ್ದೇನೆ.

ಈಗ ನಡೆಯುತ್ತಿರುವ ಕೆಲಸ

ಮರದ ಹಿಂಬದಿ ಖಾಲಿ. ಮುಂದೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ, ಪಕ್ಕದಿಂದ ನೋಡಿದರೆ ಚಪ್ಪಟೆ. ಕೊಳೆತ ಜಾಗ ಕೊಯ್ದಾಗ ಹಿಂದಿನ ಮೊಗ್ಗೂ ಹೋಗಿತ್ತು, ಅಲ್ಲಿ ಮತ್ತೆ ಒಡೆಯಲೇ ಇಲ್ಲ. ಹಾಗಾಗಿ ಕಸಿ ಮಾಡುತ್ತಿದ್ದೇನೆ. ಬಲಗಡೆ ಕೊಂಬೆಯಿಂದ ಒಂದು ಉದ್ದ ಚಿಗುರು ಬೆಳೆಯಲು ಬಿಟ್ಟೆ. ಬುಡ ಕಂದು ಬಣ್ಣಕ್ಕೆ ತಿರುಗಿ ಇನ್ನೂ ಬಳುಕುತ್ತಿದ್ದಾಗ ಅದನ್ನು ಹಿಂದಕ್ಕೆ ತಂದು, ಕಾಂಡದ ತೊಗಟೆಯಲ್ಲಿ 3 ಸೆಂ.ಮೀ. ಉದ್ದದ ತೋಡು ಕೊರೆದು, ಚಿಗುರಿನ ಒಂದು ಬದಿಯ ಸಿಪ್ಪೆಯನ್ನು ಅಷ್ಟೇ ಉದ್ದಕ್ಕೆ ತೆಗೆದು, ಹಸಿರಿಗೆ ಹಸಿರು ತಾಗುವ ಹಾಗೆ ಒಳಗೆ ಕೂರಿಸಿದೆ. ಹಾಲು ಒರೆಸುತ್ತಲೇ ಇರಬೇಕಾಯಿತು. ಹಾಲು ಮೆತ್ತಿಕೊಂಡರೆ ಎರಡೂ ಕೂಡುವುದಿಲ್ಲ. ಮೇಲೆ ಕಸಿ ಟೇಪು, ಅದರ ಮೇಲೆ ಪೇಸ್ಟ್.

ಇವತ್ತಿಗೆ 24 ದಿನ. ಚಿಗುರಿನ ತುದಿ ಬಾಡಿಲ್ಲ, ಆದರೆ ಅದು ಇನ್ನೂ ತಾಯಿ ಕೊಂಬೆಯಿಂದಲೇ ನೀರು ಕುಡಿಯುತ್ತಿದೆ, ಆದ್ದರಿಂದ ಅದೊಂದರಿಂದಲೇ ಕಸಿ ಹಿಡಿಯಿತು ಅನ್ನಲಾಗುವುದಿಲ್ಲ. ಕಸಿಯ ಆಚೆ ಬದಿ, ಅಂದರೆ ತುದಿಯ ಕಡೆ, ಈಚೆ ಬದಿಗಿಂತ ದಪ್ಪವಾದರೆ ಮಾತ್ರ ಕಾಂಡದ ಜೊತೆ ಕೂಡಿದೆ ಅಂತ ಅರ್ಥ. ನಿನ್ನೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದೆ. ಈಚೆ 8 ಮಿ.ಮೀ., ಆಚೆಯೂ 8. ಮುಂದಿನ ತಿಂಗಳು ಮತ್ತೆ ಅಳೆಯುತ್ತೇನೆ, ಅಲ್ಲಿಯವರೆಗೆ ಟೇಪು ಬಿಚ್ಚುವುದಿಲ್ಲ.